ಗೆಳೆಯರ ನಡುವೆ ಕೆಲಸದ ಕೈಗಡ: ಉಳಿಯುವುದೆಷ್ಟು, ಲೆಕ್ಕ ಹೇಗೆ?

ಪ್ರಶ್ನೆ: ನಾವು ನಾಲ್ವರು ಸ್ನೇಹಿತರು. ನಾನು ಕಂಪ್ಯೂಟರಿನಲ್ಲಿ ಡಿಸೈನ್ ಕೆಲಸ ಮಾಡುತ್ತೇನೆ: ಬ್ಯಾನರ್, ವಿಸಿಟಿಂಗ್ ಕಾರ್ಡ್, ಚಿಕ್ಕಪುಟ್ಟ ವೆಬ್‌ಸೈಟ್. ಒಬ್ಬ ಮನೆ ರಿಪೇರಿಯಲ್ಲಿ ಪಳಗಿದವನು. ಒಬ್ಬಳು ಮಕ್ಕಳಿಗೆ ಗಣಿತ ಹೇಳಿಕೊಡುತ್ತಾಳೆ. ಇನ್ನೊಬ್ಬಳು ಸಂಜೆ ಹೊತ್ತು ನಮ್ಮೆಲ್ಲರ ಮಕ್ಕಳನ್ನು ನೋಡಿಕೊಳ್ಳುತ್ತಾಳೆ. ಖರ್ಚು ಉಳಿಸಲೆಂದು ಏಳು ತಿಂಗಳಿಂದ ದುಡ್ಡಿಲ್ಲದೆ ಒಬ್ಬರ ಕೆಲಸ ಒಬ್ಬರು ಮಾಡಿಕೊಡುತ್ತಿದ್ದೇವೆ. ಮೊದಮೊದಲು ಚೆನ್ನಾಗಿತ್ತು. ಈಗ ನಾನೇ ಹೆಚ್ಚು ಮಾಡುತ್ತಿದ್ದೇನೆ ಅನ್ನಿಸುತ್ತಿದೆ. ನನ್ನ ಗಂಟೆಗೆ ಹೊರಗೆ ಒಳ್ಳೆ ದರ ಇದೆ. ಎಲ್ಲರ ಗಂಟೆಯೂ ಒಂದೇ ಅನ್ನುವುದು ಸರಿಯೇ? ಕೊನೇ ಗಳಿಗೆಯಲ್ಲಿ ಕೈಕೊಡುವವರಿಗೆ ದಂಡ ಹಾಕೋಣ ಎಂದು ಒಬ್ಬರ ಸಲಹೆ. ಇದಕ್ಕೆಲ್ಲ ತೆರಿಗೆ ಬರುತ್ತದೆಯೇ? ರಿಪೇರಿ ಗೆಳೆಯ ಎರಡು ತಿಂಗಳಲ್ಲಿ ಬೇರೆ ಊರಿಗೆ ಹೋಗುತ್ತಿದ್ದಾನೆ. ನನ್ನ ಲೆಕ್ಕದಲ್ಲಿ ಅವನಿಂದ ನನಗೆ 11 ಗಂಟೆ ಬಾಕಿ. ಕೇಳಬಹುದೇ? ಅಸಲಿಗೆ ನಮಗೆ ಏನಾದರೂ ಉಳಿಯುತ್ತಿದೆಯೇ?

ಉತ್ತರ: ನೀವು ಕೊನೆಗೆ ಕೇಳಿದ್ದನ್ನು ಮೊದಲು ಎತ್ತಿಕೊಳ್ಳುತ್ತೇನೆ. ಏಳು ತಿಂಗಳ ಹಿಂದೆ ನಾಲ್ವರೂ ಕೂತಾಗಲೇ ಅದನ್ನು ಕೇಳಿಕೊಳ್ಳಬೇಕಿತ್ತು.

ಜೇಬಿನಿಂದ ಹೋಗಲೇಬೇಕಿದ್ದ ಹಣ ಹೋಗದೆ ನಿಂತರೆ ಅದು ಉಳಿತಾಯ. ಹೋಗುವ ಮಾತೇ ಇರದ ಹಣವನ್ನು ಯಾರೂ ಉಳಿಸಲಾರರು. ಮಗುವಿನ ಗಣಿತ ಪಾಠಕ್ಕೆ ನೀವು ಹೇಗಿದ್ದರೂ ಯಾರಿಗಾದರೂ ಫೀಸು ಕಟ್ಟುತ್ತಿದ್ದಿರಿ ಅಂತಾದರೆ, ಆ ಫೀಸು ಪೂರ್ತಿ ಉಳಿದ ಹಾಗೆ. ಆದರೆ ಗೆಳೆಯ ಹೇಗೂ ಇದ್ದಾನೆ ಎಂದು ಗೋಡೆಗೆ ಮೂರು ಶೆಲ್ಫ್ ಹೊಡೆಸಿಕೊಂಡಿರಿ, ಅವನಿಲ್ಲದಿದ್ದರೆ ಶೆಲ್ಫಿನ ಯೋಚನೆಯೇ ಬರುತ್ತಿರಲಿಲ್ಲ ಅಂದುಕೊಳ್ಳಿ. ಆಗ ಉಳಿದದ್ದು ಸೊನ್ನೆ. ಹಲಗೆ, ಸ್ಕ್ರೂ, ಬ್ರಾಕೆಟ್ಟಿಗೆ ಕೊಟ್ಟ ದುಡ್ಡು ಹೋಯಿತು, ಅವನ ಮೂರು ಗಂಟೆಗೆ ಪ್ರತಿಯಾಗಿ ನೀವು ಮೂರು ಗಂಟೆ ಕೂತು ಬ್ಯಾನರ್ ಮಾಡಿಕೊಟ್ಟದ್ದೂ ಹೋಯಿತು. ಪುಕ್ಕಟೆ ಸಿಗುತ್ತದೆ ಎಂದು ಬೇಡದ ಕೆಲಸ ಮಾಡಿಸಿಕೊಳ್ಳುವ ಚಟ ಇಂಥ ಗುಂಪುಗಳಲ್ಲಿ ಬೇಗ ಹತ್ತುತ್ತದೆ. ಪುಕ್ಕಟೆ ಅಲ್ಲವೇ ಅಲ್ಲ ಎನ್ನುವುದು ತಡವಾಗಿ ಹೊಳೆಯುತ್ತದೆ.

ಒಂದು ಹಾಳೆ ತೆಗೆದುಕೊಳ್ಳಿ. ಈ ಏಳು ತಿಂಗಳಲ್ಲಿ ನಿಮಗೆ ಸಿಕ್ಕ ಒಂದೊಂದು ಕೆಲಸವನ್ನೂ ಬರೆಯಿರಿ. ಎದುರಿಗೆ ಒಂದೇ ಪ್ರಶ್ನೆ: ಇದನ್ನು ದುಡ್ಡು ಕೊಟ್ಟು ಮಾಡಿಸುತ್ತಿದ್ದೆನೇ? ಹೌದು ಎಂದವಕ್ಕೆ ಮಾತ್ರ ಹೊರಗಿನ ಕೂಲಿ ಬರೆಯಿರಿ. ‘ನಾನೇ ಮಾಡಿಕೊಳ್ಳುತ್ತಿದ್ದೆ’ ಎಂದವಕ್ಕೆ ಹಣ ಬರೆಯಬೇಡಿ, ಎಷ್ಟು ಹೊತ್ತು ಉಳಿಯಿತು ಎಂದು ಬರೆಯಿರಿ. ‘ಇಲ್ಲ’ ಎಂದವಕ್ಕೆ ಸಾಮಾನಿಗೆ ಕೊಟ್ಟ ಹಣವನ್ನು ಖರ್ಚಿನ ಕಡೆಗೆ ಹಾಕಿ. ಇನ್ನು ನೀವು ಕೊಟ್ಟ ಗಂಟೆಗಳ ಸರದಿ. ಆ ಹೊತ್ತಿಗೆ ಹಣ ಕೊಡುವ ಗಿರಾಕಿ ನಿಜವಾಗಿ ಕಾದಿದ್ದು, ನೀವು ಅವರನ್ನು ವಾಪಸ್ ಕಳಿಸಿದ್ದರೆ ಮಾತ್ರ ಆ ಸಂಪಾದನೆಯನ್ನು ಕಳೆಯಿರಿ. ಟೀವಿ ಮುಂದೆ ಹೋಗುತ್ತಿದ್ದ ಗಂಟೆಗೆ ಬೆಲೆ ಕಟ್ಟಿ ನಿಮ್ಮನ್ನೇ ಮೋಸ ಮಾಡಿಕೊಳ್ಳಬೇಡಿ. ಕೊನೆಗೆ ಉಳಿಯುವ ಅಂಕಿ ನೀವಂದುಕೊಂಡದ್ದಕ್ಕಿಂತ ಚಿಕ್ಕದಿರುತ್ತದೆ. ನಾನು ನೋಡಿದ ಮಟ್ಟಿಗೆ ಪಾಠ ಮತ್ತು ಮಕ್ಕಳನ್ನು ನೋಡಿಕೊಳ್ಳುವುದು, ಅಂದರೆ ವಾರವಾರವೂ ತಪ್ಪದ ಖರ್ಚುಗಳು, ಉಳಿತಾಯದ ದೊಡ್ಡ ಪಾಲು. ಅಪರೂಪದ ದೊಡ್ಡ ಕೆಲಸಗಳಿಂದ ಹೆಸರು ಬರುತ್ತದೆ, ಉಳಿತಾಯ ಅಷ್ಟು ಬರುವುದಿಲ್ಲ.

ಇದರಲ್ಲಿ ಕಣ್ಣಿಗೆ ಬೀಳದ ಒಂದು ಲಾಭವೂ ಇದೆ. ಹೊರಗಿನವರಿಗೆ ಕೊಡುವ ಹಣ ನಾವು ತೆರಿಗೆ ಕಟ್ಟಿ ಉಳಿಸಿಕೊಂಡ ಹಣ. ದುಡಿದದ್ದರಲ್ಲಿ ನೂರಕ್ಕೆ 20 ತೆರಿಗೆಗೆ ಹೋಗುವವರು ಹೊರಗೆ 100 ಕೊಡಬೇಕಾದರೆ 125 ದುಡಿದಿರಬೇಕು. ಹಾಗಾಗಿ ‘ಹೌದು’ ಪಟ್ಟಿಯಲ್ಲಿ 100 ಉಳಿದಿದ್ದರೆ ನೀವು 125 ದುಡಿಯುವ ಶ್ರಮ ತಪ್ಪಿಸಿಕೊಂಡಿದ್ದೀರಿ. ಪಟ್ಟಿ ಸಣ್ಣದು ಎಂದು ಬೇಜಾರಾದರೆ ಇದು ಕೊಂಚ ಸಮಾಧಾನ.

ಇನ್ನು ‘ನಾನೇ ಹೆಚ್ಚು ಮಾಡುತ್ತಿದ್ದೇನೆ’ ಅನ್ನುವ ಸಂಕಟ. ನಿಮ್ಮ ಮಾತು ಸುಳ್ಳೆಂದು ಹೇಳುತ್ತಿಲ್ಲ. ಆದರೆ ಉಳಿದ ಮೂವರಿಗೂ ಹಾಗೆಯೇ ಅನ್ನಿಸುತ್ತಿದ್ದರೆ ಆಶ್ಚರ್ಯಪಡಬೇಡಿ. ಮೈಕೆಲ್ ರಾಸ್, ಫಿಯೋರೆ ಸಿಕೋಲಿ ಎಂಬ ಮನೋವಿಜ್ಞಾನಿಗಳು 1979ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಗಂಡ ಹೆಂಡತಿಯರನ್ನು ಬೇರೆಬೇರೆಯಾಗಿ ಕೂರಿಸಿ, ಮನೆಗೆಲಸದಲ್ಲಿ ನಿಮ್ಮ ಪಾಲೆಷ್ಟು ಎಂದು ಕೇಳಿದ್ದರು. ಇಬ್ಬರ ಉತ್ತರ ಕೂಡಿಸಿದರೆ ಹೆಚ್ಚಿನ ಕಡೆ ನೂರು ದಾಟುತ್ತಿತ್ತು. ಯಾರೂ ಬೇಕೆಂದು ಸುಳ್ಳು ಹೇಳಿರಲಿಲ್ಲ. ನಾನು ಮಾಡಿದ ಕೆಲಸದ ಹೊತ್ತಿನಲ್ಲಿ ನಾನು ಅಲ್ಲೇ ಇದ್ದೆ, ಬೆನ್ನು ನೋವು ನನಗೇ ಗೊತ್ತು. ನೀವು ಮಾಡಿದ ಕೆಲಸ ನನಗೆ ಮುಗಿದ ಮೇಲೆ ಕಂಡದ್ದು. ಇದರ ಜೊತೆಗೆ ಇನ್ನೊಂದು ವಿಚಿತ್ರವಿದೆ. ಉಪಕಾರ ಪಡೆದವರಿಗೆ ಅದರ ಬೆಲೆ ಅಂದಂದಿಗೆ ಬಹಳ ದೊಡ್ಡದಾಗಿ ಕಾಣುತ್ತದೆ, ದಿನ ಕಳೆದಂತೆ ಕುಗ್ಗುತ್ತದೆ. ಮಾಡಿದವರಿಗೆ ಉಲ್ಟಾ, ದಿನ ಕಳೆದಂತೆ ಬೆಳೆಯುತ್ತದೆ. ಫ್ರಾನ್ಸಿಸ್ ಫ್ಲಿನ್ ಎಂಬ ಸಂಶೋಧಕರು 2003ರಲ್ಲಿ ಇದನ್ನು ಅಧ್ಯಯನ ಮಾಡಿ ತೋರಿಸಿದರು. ‘ಕೊಟ್ಟೋನು ಕೋಡಂಗಿ, ಇಸ್ಕೊಂಡೋನು ಈರಭದ್ರ’ ಎಂಬ ನಮ್ಮ ಗಾದೆ ಕಟ್ಟಿದವನು ಖಂಡಿತ ಕೊಟ್ಟವನೇ ಇರಬೇಕು.

ಹೀಗಾಗಿ ಮುಂದಿನ ಸಲ ಸೇರಿದಾಗ ನಾಲ್ಕು ಚೀಟಿ ಹಂಚಿ. ಈ ಏಳು ತಿಂಗಳ ಒಟ್ಟು ಕೆಲಸದಲ್ಲಿ ನನ್ನ ಪಾಲು ನೂರಕ್ಕೆ ಎಷ್ಟು ಎಂದು ಪ್ರತಿಯೊಬ್ಬರೂ ಬರೆಯಲಿ, ಇನ್ನೊಬ್ಬರದು ನೋಡದೆ. ನಾಲ್ಕನ್ನೂ ಕೂಡಿಸಿ ಗಟ್ಟಿಯಾಗಿ ಓದಿ. ಮೊತ್ತ ನೂರರ ಆಚೆ ಹೋದರೆ ಎಲ್ಲರೂ ನಗುತ್ತಾರೆ. ಆ ನಗು ಬಂದ ಮೇಲೆ ಲೆಕ್ಕದ ಮಾತು ಎತ್ತುವುದು ಸುಲಭ.

ನನ್ನದೇ ಒಂದು ಪೆಚ್ಚುತನ ಹೇಳುತ್ತೇನೆ. ಹೊಲಿಗೆ ಬಲ್ಲ ಗೆಳತಿಯೊಬ್ಬಳ ಪುಟ್ಟ ವ್ಯವಹಾರದ ಒಂದು ವರ್ಷದ ಲೆಕ್ಕಪತ್ರ ನಾನು ಸರಿಮಾಡಿಕೊಡುವುದು, ಅವಳು ನಮ್ಮ ಮನೆಯ ಕಿಟಕಿಗಳಿಗೆ ಪರದೆ ಹೊಲಿದುಕೊಡುವುದು ಎಂದು ಮಾತಾಯಿತು. ನಾಲ್ಕು ಕಿಟಕಿ, ಎಂಟು ಪರದೆ, ಬಟ್ಟೆ ನನ್ನದು. ನನ್ನ ಅಂದಾಜಿನಲ್ಲಿ ಪರದೆ ಎಂದರೆ ನೇರ ಹೊಲಿಗೆ, ನಾಲ್ಕು ಅಂಚು ಮಡಿಚಿ ಮೆಷಿನ್ ಓಡಿಸಿದರೆ ಮುಗಿಯಿತು, ಒಂದು ಮಧ್ಯಾಹ್ನದ ಕೆಲಸ. ಅವಳ ಅಂದಾಜಿನಲ್ಲಿ ಲೆಕ್ಕ ಎಂದರೆ ಕಂಪ್ಯೂಟರಿಗೆ ಹಾಕಿ ಬಟನ್ ಒತ್ತಿದರೆ ಬರುವಂಥದ್ದು. ಅವಳು ಒಂದು ಚೀಲ ಬಿಲ್ಲು ತಂದು ಸುರಿದಳು. ಅರ್ಧದಷ್ಟರ ಮೇಲೆ ಅಕ್ಷರ ಮಾಸಿತ್ತು, ಕೆಲವಕ್ಕೆ ತಾರೀಖೇ ಇಲ್ಲ. ತಿಂಗಳವಾರು ಜೋಡಿಸಿ ಬ್ಯಾಂಕಿನ ಲೆಕ್ಕದ ಜೊತೆ ತಾಳೆ ನೋಡುವಷ್ಟರಲ್ಲಿ ನನ್ನ ಎರಡು ಭಾನುವಾರ ಹೋದವು. ಒಳಗೊಳಗೇ ಕುದಿಯುತ್ತಿದ್ದೆ. ಬಾಯಿಬಿಟ್ಟು ಹೇಳಲು ದಾಕ್ಷಿಣ್ಯ.

ಹಾಗಿರುವಾಗ ಒಂದು ಸಂಜೆ ಬಟ್ಟೆಯ ಇನ್ನೊಂದು ತುಂಡು ಕೊಡಲು ಹೋದವನು ಅವಳ ಮನೆಯಲ್ಲಿ ಒಂದು ಗಂಟೆ ಕೂತೆ. ನೆಲದ ತುಂಬ ಬಟ್ಟೆ ಹರಡಿತ್ತು. ನೆರಿಗೆ ಚೆನ್ನಾಗಿ ಬೀಳಬೇಕಾದರೆ ಕಿಟಕಿ ಅಗಲದ ಎರಡರಿಂದ ಎರಡೂವರೆ ಪಟ್ಟು ಬಟ್ಟೆ ಬೇಕು ಎನ್ನುವುದೇ ನನಗೆ ಗೊತ್ತಿರಲಿಲ್ಲ. ಸಾಲದ್ದಕ್ಕೆ ನಾನು ಆರಿಸಿ ತಂದದ್ದು ದೊಡ್ಡ ಹೂವಿನ ಬಟ್ಟೆ. ಎಡ ಪರದೆಯ ಹೂವು, ಬಲ ಪರದೆಯ ಹೂವು ಒಂದೇ ಎತ್ತರಕ್ಕೆ ಬರಬೇಕು, ಇಲ್ಲದಿದ್ದರೆ ಕಿಟಕಿಯೇ ಸೊಟ್ಟಗೆ ಕಾಣುತ್ತದೆಯಂತೆ. ಅವಳು ಒಂದೊಂದು ತುಂಡನ್ನೂ ಸರಿಸಿ, ಗುಂಡುಸೂಜಿ ಚುಚ್ಚಿ, ಎದ್ದು ದೂರ ನಿಂತು ನೋಡಿ, ಮತ್ತೆ ಕೂತು ಸರಿಸುತ್ತಿದ್ದಳು. ಹಿಂಬದಿಗೆ ಲೈನಿಂಗ್. ಕೆಳಗಿನ ಅಂಚಿಗೆ ಕೈಹೊಲಿಗೆ, ದಾರ ಹೊರಗೆ ಕಾಣಬಾರದೆಂದು. ಮೂರನೇ ಪರದೆಯನ್ನು ಅರ್ಧ ಬಿಚ್ಚಿ ಕುರ್ಚಿಯ ಮೇಲೆ ಹಾಕಿದ್ದಳು, ಹೂವು ಎರಡು ಬೆರಳು ಕೆಳಗಿಳಿದಿತ್ತಂತೆ. ಎಷ್ಟು ಹೊತ್ತು ಹಿಡಿಯಿತು ಎಂದೆ. ‘ಲೆಕ್ಕ ಇಟ್ಟಿಲ್ಲಪ್ಪ, ಇದು ಆರನೇ ಸಂಜೆ’ ಅಂದಳು. ಆ ದನಿ ಕೇಳಿದಾಗಲೇ ಗೊತ್ತಾಯಿತು, ಅವಳೂ ಒಳಗೊಳಗೇ ಕುದಿಯುತ್ತಿದ್ದಾಳೆ ಎಂದು.

ಇಬ್ಬರಲ್ಲಿ ಯಾರೂ ಮೋಸ ಮಾಡಿರಲಿಲ್ಲ. ಒಬ್ಬರ ಕೆಲಸದ ಒಳಗು ಇನ್ನೊಬ್ಬರಿಗೆ ಗೊತ್ತಿರಲಿಲ್ಲ, ಅಷ್ಟೇ. ಅಂಗಡಿಯಲ್ಲಾದರೆ ಬೆಲೆಯ ಚೀಟಿ ಈ ಕೆಲಸ ಮಾಡಿಬಿಡುತ್ತದೆ. ಎಂಟು ಪರದೆಗೆ ಇಷ್ಟು ಎಂದಾಗ ನಾವು ಹೌಹಾರಿದರೂ ಅದರಲ್ಲಿ ಎಷ್ಟು ದುಡಿಮೆ ಇದೆ ಎಂಬ ಸುಳಿವಾದರೂ ಸಿಗುತ್ತದೆ. ಗೆಳೆಯರ ನಡುವೆ ಆ ಚೀಟಿ ಇಲ್ಲ. ಹಿತ್ತಲ ಗಿಡ ಮದ್ದಲ್ಲ ಅನ್ನುವುದು ಇಲ್ಲಿ ಅಕ್ಷರಶಃ ನಿಜ. ಗೆಳೆಯ ಮಾಡಿದ್ದು ‘ಸ್ವಲ್ಪ ನೋಡಿಕೊಟ್ಟ’ ಕೆಲಸ, ಹೊರಗಿನವರು ಮಾಡಿದ್ದೇ ಕೆಲಸ.

ನಾನು ಈ ವಿಷಯದಲ್ಲಿ ಯಾರೇ ಕೇಳಿದರೂ ಮೊದಲು ಹೇಳುವುದು ಇದನ್ನೇ: ಶುರುವಿಗೆ ಮುಂಚೆ ಬಾಯಿಬಿಟ್ಟು ಮಾತಾಡಿಕೊಳ್ಳಿ, ದಾಕ್ಷಿಣ್ಯವನ್ನು ಹೊರಗೆ ಚಪ್ಪಲಿಯ ಜೊತೆ ಬಿಟ್ಟು ಬನ್ನಿ. ಮಾತಾಡಬೇಕಾದದ್ದು ತುಂಬ ಇಲ್ಲ. ಯಾವ ಕೆಲಸ, ಎಲ್ಲಿಗೆ ಮುಗಿದಂತೆ? ನಿಮ್ಮ ಡಿಸೈನಿನಲ್ಲಿ ಇದು ದೊಡ್ಡ ತಲೆನೋವು ಎಂದು ಊಹಿಸಬಲ್ಲೆ. ‘ಒಂದು ಬ್ಯಾನರ್’ ಎಂದು ಶುರುವಾದದ್ದು ‘ಬಣ್ಣ ಸ್ವಲ್ಪ ಬದಲಾಯಿಸು’, ‘ಅಕ್ಷರ ದೊಡ್ಡದು ಮಾಡು’, ‘ಮೊದಲಿನದೇ ಚೆನ್ನಾಗಿತ್ತು’ ಎಂದು ಎಂಟನೇ ಸಲಕ್ಕೆ ಹೋಗುತ್ತದೆ. ಎರಡು ಸಲ ತಿದ್ದಿಕೊಡುತ್ತೇನೆ, ಮೂರನೆಯದರಿಂದ ಗಂಟೆ ಲೆಕ್ಕ ಎಂದು ಮೊದಲೇ ಹೇಳಿ. ಯಾವ ತಾರೀಖಿಗೆ? ಗೆಳೆಯರ ಕೆಲಸ ಯಾವತ್ತೂ ಸಾಲಿನ ಕೊನೆಗೆ ಹೋಗುತ್ತದೆ, ದುಡ್ಡು ಕೊಡುವವರ ಕೆಲಸ ಮುಂದೆ ನುಗ್ಗುತ್ತದೆ. ತಾರೀಖು ಇಲ್ಲದ ಮಾತು ಮಾತೇ ಅಲ್ಲ. ಸಾಮಾನು ಯಾರದು? ಯಾರ ಮನೆಗೆ ಕೆಲಸವೋ ಅವರದು, ಕೆಲಸ ಮಾಡುವವರ ಜೇಬಿನಿಂದ ಒಂದು ವಾಷರ್ ಕೂಡ ಬೇಡ. ಕೆಟ್ಟರೆ? ಒಂದು ಸಲ ಬಂದು ಸರಿಮಾಡಿಕೊಡುವುದು ಅದೇ ಲೆಕ್ಕದಲ್ಲಿ. ನಲ್ಲಿಯ ಕೆಳಗೆ ಮತ್ತೆ ತೊಟ್ಟಿಕ್ಕಿದಾಗ ‘ಪಾಪ, ಪುಕ್ಕಟೆ ಮಾಡಿದ್ದಾನೆ, ಹೇಗೆ ಕೇಳಲಿ’ ಎಂದು ಬಕೆಟ್ ಇಟ್ಟುಕೊಂಡು ಕೂತವರನ್ನು ನಾನು ನೋಡಿದ್ದೇನೆ. ಆಮೇಲೆ ಗುಟ್ಟಾಗಿ ಹೊರಗಿನವರನ್ನು ಕರೆಸಿ ದುಡ್ಡು ಕೊಟ್ಟರು, ಗೆಳೆಯನ ಮೇಲೆ ಮುನಿಸನ್ನೂ ಇಟ್ಟುಕೊಂಡರು. ಮೂಗಿಗಿಂತ ಮೂಗುತಿ ಭಾರ ಎಂದರೆ ಇದೇ.

ನಿಮ್ಮ ಗಂಟೆಯ ದರದ ಪ್ರಶ್ನೆಗೆ ಬರೋಣ. ಇದು ಹಳೆಯ ಜಗಳ. ಅಮೆರಿಕದ ಸಿನ್ಸಿನಾಟಿಯಲ್ಲಿ ಜೊಸಾಯಾ ವಾರೆನ್ ಎಂಬಾತ 1827ರಲ್ಲಿ ಒಂದು ಅಂಗಡಿ ತೆರೆದ. ಸಾಮಾನಿಗೆ ಅಸಲು ಬೆಲೆ ಕೊಟ್ಟರೆ ಸಾಕು, ಅಂಗಡಿಯವನು ವ್ಯಾಪಾರಕ್ಕೆ ಕಳೆದ ಹೊತ್ತಿಗೆ ಗಿರಾಕಿ ತನ್ನ ಅಷ್ಟೇ ಹೊತ್ತಿನ ದುಡಿಮೆಯ ಚೀಟಿ ಬರೆದುಕೊಡುವುದು. ಹೊತ್ತು ಅಳೆಯಲು ಅಂಗಡಿಯಲ್ಲೇ ಗಡಿಯಾರ. ಜಪಾನಿನ ಒಸಾಕಾದಲ್ಲಿ ತೆರುಕೊ ಮಿಜುಶಿಮಾ ಎಂಬ ಗೃಹಿಣಿ 1973ರಲ್ಲಿ ಕಟ್ಟಿದ ದುಡಿಮೆ ಬ್ಯಾಂಕಿನಲ್ಲಿ ನೆರವಿಗೆ ಗಂಟೆಯದೇ ಅಳತೆ. ಅಮೆರಿಕದ ವಕೀಲ ಎಡ್ಗರ್ ಕಾನ್ 1980ರಲ್ಲಿ, ಹೃದಯಾಘಾತದಿಂದ ಆಸ್ಪತ್ರೆಯಲ್ಲಿ ಮಲಗಿದ್ದಾಗ ಇಂಥದೇ ಯೋಚನೆಗೆ ಬಂದರು. ಇವತ್ತು ಟೈಮ್ ಬ್ಯಾಂಕ್ ಎಂದು ಕರೆಯುವ ವ್ಯವಸ್ಥೆ ಅಲ್ಲಿಂದ ಬೆಳೆದದ್ದು. ಅಲ್ಲಿ ವಕೀಲರ ಗಂಟೆ, ಹುಲ್ಲು ಕತ್ತರಿಸುವವರ ಗಂಟೆ ಎರಡೂ ಒಂದೇ. ಕೆನಡಾದಲ್ಲಿ ಮೈಕೆಲ್ ಲಿಂಟನ್ 1983ರಲ್ಲಿ ಶುರುಮಾಡಿದ ಲೆಟ್ಸ್ ಎಂಬ ವಿನಿಮಯದ ಏರ್ಪಾಟು ಬೇರೆ ದಾರಿ ಹಿಡಿಯಿತು: ದರವನ್ನು ಕೊಡುವವರು, ಕೊಳ್ಳುವವರು ಮಾತಾಡಿಕೊಂಡು ಗೊತ್ತುಮಾಡುತ್ತಾರೆ, ಸಾರ್ವಜನಿಕ ಲೆಕ್ಕಕ್ಕೆ ಬರೆಯುತ್ತಾರೆ.

ಎರಡೂ ನಡೆಯುತ್ತವೆ. ನಾಲ್ಕೇ ಜನರ ಗುಂಪಿಗೆ ನನ್ನ ಮತ ಗಂಟೆಗೆ ಗಂಟೆ. ದರ ಹಚ್ಚಲು ಕೂತರೆ ನೀವು ನಿಮ್ಮ ಗೆಳತಿಗೆ ಮುಖ ನೋಡಿ ‘ನನ್ನ ಒಂದು ಗಂಟೆಗೆ ನೀನು ನನ್ನ ಮಗುವನ್ನು ಮೂರು ಗಂಟೆ ನೋಡಿಕೊಳ್ಳಬೇಕು’ ಅನ್ನಬೇಕಾಗುತ್ತದೆ. ಅಂದು ನೋಡಿ, ಮನೆಯಲ್ಲಿ ಕನ್ನಡಿಯ ಮುಂದೆ. ‘ಹೊರಗೆ ನನ್ನ ಗಂಟೆಗೆ ದರ ಹೆಚ್ಚು’ ಎನ್ನುವಾಗ ಒಂದು ಮಾತು ಬಿಟ್ಟುಹೋಗಿರುತ್ತದೆ: ಯಾವ ಗಂಟೆಗೆ? ರಾತ್ರಿ ಒಂಬತ್ತರ ಮೇಲೆ, ರಜೆಯ ದಿನ ನೀವು ಗೆಳೆಯರಿಗೆ ಕೊಟ್ಟ ಗಂಟೆಯನ್ನು ಆ ದರಕ್ಕೆ ಕೊಳ್ಳುವವರು ಇದ್ದರೇ? ಇದ್ದರೆ ಮಾರಿಬಿಡಿ, ಬಂದ ಹಣದಲ್ಲಿ ಪಾಠಕ್ಕೂ ರಿಪೇರಿಗೂ ಫೀಸು ಕೊಟ್ಟು ಆರಾಮಾಗಿರಿ. ಅದರಲ್ಲಿ ಸಣ್ಣತನವೇನೂ ಇಲ್ಲ. ಇಲ್ಲದಿದ್ದರೆ ಆ ಗಂಟೆಯ ದರ ನಿಮ್ಮ ಮನಸ್ಸಿನಲ್ಲಿ ಮಾತ್ರ ಇದೆ. ಅರ್ಥಶಾಸ್ತ್ರಜ್ಞ ಡೇವಿಡ್ ರಿಕಾರ್ಡೊ 1817ರಲ್ಲಿ ದೇಶಗಳ ವ್ಯಾಪಾರದ ಬಗ್ಗೆ ಹೇಳಿದ್ದು ನಿಮ್ಮ ನಾಲ್ವರಿಗೂ ಹೊಂದುತ್ತದೆ. ಎಲ್ಲ ಕೆಲಸದಲ್ಲೂ ನೀವೇ ಚುರುಕು ಎಂದಿಟ್ಟುಕೊಂಡರೂ, ನಿಮಗೆ ಅತಿ ಚೆನ್ನಾಗಿ ಬರುವುದನ್ನು ನೀವು ಮಾಡಿ ಉಳಿದದ್ದನ್ನು ಬಿಟ್ಟುಕೊಟ್ಟರೆ ಎರಡೂ ಕಡೆಗೆ ಲಾಭ. ನೀವು ಅರ್ಧ ದಿನ ಒದ್ದಾಡಿ ಹಾಕುವ ಸ್ವಿಚ್‌ಬೋರ್ಡನ್ನು ಅವನು ಇಪ್ಪತ್ತು ನಿಮಿಷದಲ್ಲಿ ಹಾಕುತ್ತಾನೆ. ಅವನು ವಾರಗಟ್ಟಲೆ ತಿಣುಕುವ ವೆಬ್‌ಸೈಟನ್ನು ನೀವು ಎರಡು ಸಂಜೆಯಲ್ಲಿ ಮಾಡುತ್ತೀರಿ. ಗಂಟೆಗೆ ಗಂಟೆ ಹಾಕಿದಾಗ ಯಾರಿಗೂ ನಷ್ಟವಾಗದಿರುವುದು ಇದರಿಂದಲೇ.

ಒಂದು ತಿದ್ದುಪಡಿ ಮಾತ್ರ ಬೇಕು. ಗಂಟೆ ಎಂದರೆ ಪೂರ್ತಿ ಗಂಟೆ. ಗಣಿತದ ಗೆಳತಿ ಒಂದು ಗಂಟೆ ಪಾಠಕ್ಕೆ ಮುಂಚೆ ಅರ್ಧ ಗಂಟೆ ಲೆಕ್ಕ ಆರಿಸಿಕೊಳ್ಳುತ್ತಾಳೆ, ಹೋಗಿಬರಲು ಇನ್ನರ್ಧ ಗಂಟೆ. ಅದೂ ಬರೆಯಬೇಕು. ಮಕ್ಕಳನ್ನು ನೋಡಿಕೊಳ್ಳುವವಳದು ಇನ್ನೂ ತೊಡಕು. ಮೂರು ಮನೆಯ ಮಕ್ಕಳು ಒಟ್ಟಿಗಿದ್ದಾಗ ಅವಳು ಒಂದು ಗಂಟೆ ಕಳೆದಳೋ, ಮೂವರಿಗೂ ಒಂದೊಂದು ಗಂಟೆ ಕೊಟ್ಟಳೋ? ನನ್ನ ಅನುಭವದಲ್ಲಿ ಇಂಥ ಗುಂಪು ಒಡೆಯುವುದು ಇಂಥದೇ ಪ್ರಶ್ನೆಗಳ ಮೇಲೆ. ಯಾವ ಉತ್ತರ ಆರಿಸಿದರೂ ಆದೀತು, ಅವಳನ್ನು ಕೇಳಿ ಆರಿಸಿ. ನಿಮ್ಮ ನಾಲ್ವರಲ್ಲಿ ಅತಿ ಹೆಚ್ಚು ಗಂಟೆ ಕೊಟ್ಟು ಅತಿ ಕಡಿಮೆ ಮಾತಾಡುವವಳು ಅವಳೇ ಇರಬಹುದು ಎಂದು ನನ್ನ ಅನುಮಾನ.

ಪುಸ್ತಕ ಇಡಿ. ಫೋನಿನಲ್ಲಿ ಬೇಕಾದರೂ ಇಡಿ, ನನಗೆ ಹಾಳೆಯ ಮೇಲೆ ನಂಬಿಕೆ. ತಾರೀಖು, ಯಾರು ಯಾರಿಗೆ, ಏನು, ಎಷ್ಟು ಗಂಟೆ, ಇಷ್ಟೇ. ಕೆಲಸ ಮುಗಿದ ದಿನವೇ ಬರೆಯಬೇಕು. ತಿಂಗಳ ಕೊನೆಗೆ ನೆನಪಿನಿಂದ ಬರೆದರೆ ಮೇಲೆ ಹೇಳಿದ ಹಾಗೆ ನಿಮ್ಮದು ಊದಿಕೊಂಡಿರುತ್ತದೆ, ಅವರದು ಕುಗ್ಗಿರುತ್ತದೆ. ಕೊಟ್ಟವರಿಗೆ ಕೂಡು, ಪಡೆದವರಿಗೆ ಕಳೆ. ನೀವು ರಿಪೇರಿ ಗೆಳೆಯನಿಗೆ ನಾಲ್ಕು ಗಂಟೆ ಕೆಲಸ ಮಾಡಿಕೊಟ್ಟರೆ ನಿಮಗೆ ಕೂಡು ನಾಲ್ಕು, ಅವನಿಗೆ ಕಳೆ ನಾಲ್ಕು. ಎಲ್ಲರ ಬಾಕಿಯನ್ನೂ ಒಟ್ಟು ಮಾಡಿದರೆ ಯಾವಾಗಲೂ ಸೊನ್ನೆ ಬರಬೇಕು, ಬರದಿದ್ದರೆ ಎಲ್ಲೋ ಬರೆಯಲು ಮರೆತಿದ್ದೀರಿ. ಒಂದೇ ಪುಸ್ತಕವಾದ್ದರಿಂದ ನೀವು ಅವನಿಗೆ ಮಾಡಿದ್ದನ್ನು ಅವನೇ ತೀರಿಸಬೇಕಿಲ್ಲ. ಅವನು ಗಣಿತದ ಗೆಳತಿಯ ನಲ್ಲಿ ಸರಿಮಾಡಲಿ, ಅವಳು ನಿಮ್ಮ ಮಗುವಿಗೆ ಪಾಠ ಹೇಳಲಿ, ಮುಯ್ಯಿ ಸುತ್ತು ಹಾಕಿ ಬರುತ್ತದೆ. ನನಗೆ ಬೇಕಾದ್ದು ನಿನ್ನಲ್ಲಿದ್ದು ನಿನಗೆ ಬೇಕಾದ್ದು ಅದೇ ಹೊತ್ತಿಗೆ ನನ್ನಲ್ಲೇ ಇರಬೇಕೆಂಬುದೇ ನೇರ ವಿನಿಮಯದ ದೊಡ್ಡ ತೊಡಕು ಎಂದು ಅರ್ಥಶಾಸ್ತ್ರಜ್ಞ ಜೆವೊನ್ಸ್ 1875ರಲ್ಲೇ ಬರೆದಿದ್ದರು. ಆ ತೊಡಕು ಬಿಡಿಸಲು ನಾಲ್ಕು ಜನಕ್ಕೆ ಒಂದು ನೋಟ್‌ಬುಕ್ ಸಾಕು.

ಆದರೆ ಪುಸ್ತಕದಲ್ಲಿ ಕೂಡು ಗಂಟೆ ಗುಡ್ಡೆ ಹಾಕಿಕೊಂಡವರು ಜಾಣರಲ್ಲ. ವಾಷಿಂಗ್ಟನ್ನಿನ ಕ್ಯಾಪಿಟಲ್ ಹಿಲ್ ಎಂಬಲ್ಲಿ ಸುಮಾರು 150 ದಂಪತಿಗಳು ಸೇರಿ ಒಬ್ಬರ ಮಕ್ಕಳನ್ನು ಒಬ್ಬರು ನೋಡಿಕೊಳ್ಳುವ ಸಂಘ ಕಟ್ಟಿಕೊಂಡಿದ್ದರು. ಒಂದು ಕೂಪನ್ನಿಗೆ ಅರ್ಧ ಗಂಟೆ. ಇನ್ನೊಬ್ಬರ ಮಗುವನ್ನು ನೋಡಿಕೊಂಡರೆ ಕೂಪನ್ ಬರುತ್ತದೆ, ನಿಮ್ಮ ಮಗುವನ್ನು ಬಿಟ್ಟು ಹೊರಗೆ ಹೋದರೆ ಹೋಗುತ್ತದೆ. ಕಷ್ಟಕಾಲಕ್ಕಿರಲಿ ಎಂದು ಪ್ರತಿಯೊಬ್ಬರೂ ಕೂಪನ್ ಕೂಡಿಡಲು ಹೊರಟರು. ಯಾರೂ ಹೊರಗೆ ಹೋಗಲಿಲ್ಲ, ಹಾಗಾಗಿ ಯಾರಿಗೂ ನೋಡಿಕೊಳ್ಳಲು ಮಕ್ಕಳೇ ಸಿಗಲಿಲ್ಲ, ಕೂಪನ್ ಗಳಿಸುವ ದಾರಿಯೂ ಮುಚ್ಚಿತು. ಸಂಘದಲ್ಲಿ ವಕೀಲರು ಬಹಳ ಇದ್ದರಂತೆ. ತಿಂಗಳಿಗೆ ಎರಡು ಸಲವಾದರೂ ಹೊರಗೆ ಹೋಗಲೇಬೇಕೆಂದು ನಿಯಮ ಮಾಡಿ ನೋಡಿದರು. ಕೊನೆಗೆ ಎಲ್ಲರಿಗೂ ಇನ್ನಷ್ಟು ಕೂಪನ್ ಹಂಚಿದಾಗ ಸಂಘಕ್ಕೆ ಜೀವ ಬಂತು. ಆಮೇಲೆ ಕೂಪನ್ ಅತಿಯಾಗಿ ಬೇರೆ ತಾಪತ್ರಯ ಶುರುವಾಯಿತು, ಅದು ಬೇರೆ ಕತೆ. ಸದಸ್ಯರೇ ಆಗಿದ್ದ ಸ್ವೀನಿ ದಂಪತಿ ಇದನ್ನು 1977ರಲ್ಲಿ ಒಂದು ಅರ್ಥಶಾಸ್ತ್ರ ಪತ್ರಿಕೆಗೆ ಬರೆದರು, ಅರ್ಥಶಾಸ್ತ್ರಜ್ಞ ಪಾಲ್ ಕ್ರುಗ್ಮನ್ ಮುಂದೆ ಅದನ್ನು ಜನಪ್ರಿಯ ಮಾಡಿದರು.

ನಿಮ್ಮ ಪುಸ್ತಕಕ್ಕೆ ಒಂದು ಗೆರೆ ಹಾಕಿ. ಕೂಡು ಹತ್ತು ದಾಟುವಂತಿಲ್ಲ, ಕಳೆ ಹತ್ತು ದಾಟುವಂತಿಲ್ಲ ಎಂದಿಟ್ಟುಕೊಳ್ಳಿ. ಕೂಡು ಹತ್ತಕ್ಕೆ ಬಂದವರು ಮೊದಲು ಏನಾದರೂ ಮಾಡಿಸಿಕೊಳ್ಳಬೇಕು. ಈ ಗಂಟೆಗಳನ್ನು ಬ್ಯಾಂಕಿಗೆ ಹಾಕಲು ಬರುವುದಿಲ್ಲ, ಬಡ್ಡಿ ಇಲ್ಲ, ಗೆಳೆಯ ಊರು ಬಿಟ್ಟರೆ ಅದೂ ಹೋಯಿತು. ಈಗ ನಿಮಗೆ ಆಗಿರುವುದು ಇದೇ. ಕೊಡುವುದರಲ್ಲಿ ನಿಮಗೆ ಸಂಕೋಚವಿಲ್ಲ, ಕೇಳುವುದರಲ್ಲಿ ಇದೆ. ಹಂಗು ಬೇಡ ಎಂದು ಕೇಳದೆ ಇದ್ದವರು ಉಳಿದ ಮೂವರನ್ನು ತಮ್ಮ ಹಂಗಿಗೆ ಹಾಕುತ್ತಾರೆ. ಮೂರು ತಿಂಗಳಿಗೊಮ್ಮೆ ಬಾಕಿ ಓದಿ, ಮೂರು ಗಂಟೆಯ ಒಳಗಿನದನ್ನು ಹೊಡೆದುಹಾಕಿ. ಚಿಕ್ಕದನ್ನು ಕೊನೆಯ ನಿಮಿಷದವರೆಗೂ ಸಮ ಮಾಡಲು ಹೊರಟರೆ ನೀವು ಗೆಳೆಯರಲ್ಲ, ಪರಸ್ಪರ ಗುಮಾಸ್ತರು.

ಏನು ಬದಲಾಯಿಸಿಕೊಳ್ಳಬಾರದು ಎಂಬುದನ್ನು ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ಲೈಸೆನ್ಸ್ ಬೇಕಾದ ಕೆಲಸ ಬೇಡ: ಗ್ಯಾಸ್ ಲೈನು, ಮನೆಯ ಮುಖ್ಯ ವಿದ್ಯುತ್ ಸಂಪರ್ಕ, ಭಾರ ಹೊರುವ ಗೋಡೆ. ತಪ್ಪಾದರೆ ವಿಮೆಯವರು ಕೇಳುವ ಮೊದಲ ಪ್ರಶ್ನೆ ಯಾರು ಮಾಡಿದ್ದು ಎನ್ನುವುದು. ಔಷಧಿ ಬರೆಸಿಕೊಳ್ಳುವುದು, ಕೋರ್ಟಿನ ವ್ಯವಹಾರ, ಇವೂ ಬೇಡ. ತಪ್ಪಾದರೆ ಗೆಳೆಯನ ಮೇಲೆ ದೂರು ಕೊಡಲು ನಿಮಗೆ ಮನಸ್ಸು ಬಾರದ ಯಾವ ಕೆಲಸವನ್ನೂ ಗೆಳೆಯನ ಕೈಗೆ ಕೊಡಬೇಡಿ, ಇದು ನನ್ನ ಅಳತೆಗೋಲು. ಚಿಕ್ಕದು, ಮತ್ತೆ ಮತ್ತೆ ಬರುವಂಥದ್ದು, ಮುಗಿಯಿತೆಂದು ಕಣ್ಣಿಗೆ ಕಾಣುವಂಥದ್ದು ಒಳ್ಳೆಯದು.

ದಂಡ ಬೇಡವೇ ಬೇಡ. ಇಸ್ರೇಲಿನ ಹೈಫಾದಲ್ಲಿ ಹತ್ತು ಶಿಶುವಿಹಾರಗಳಲ್ಲಿ ನಡೆಸಿದ ಪ್ರಯೋಗವನ್ನು ಗ್ನೀಝಿ, ರುಸ್ಟಿಕಿನಿ ಎಂಬ ಅರ್ಥಶಾಸ್ತ್ರಜ್ಞರು 2000ದಲ್ಲಿ ಪ್ರಕಟಿಸಿದರು. ಮಕ್ಕಳನ್ನು ಕರೆದುಕೊಂಡು ಹೋಗಲು ತಡವಾಗಿ ಬರುವ ಪೋಷಕರಿಗೆ ಕೆಲವು ಶಿಶುವಿಹಾರಗಳು ದಂಡ ಹಾಕಿದವು. ತಡವಾಗಿ ಬರುವವರು ಹೆಚ್ಚಾದರು! ಮೊದಲು ಟೀಚರಿಗೆ ತೊಂದರೆಯಾಗುತ್ತದೆ ಎಂಬ ಅಳುಕಿತ್ತು. ದಂಡ ಬಂದ ಮೇಲೆ ತಡವಾಗುವುದೂ ದುಡ್ಡು ಕೊಟ್ಟು ಕೊಳ್ಳುವ ಸೇವೆಯಾಯಿತು. ದಂಡ ತೆಗೆದ ಮೇಲೂ ಅವರು ಸರಿಯಾಗಲಿಲ್ಲ, ಅಳುಕು ಹೋದದ್ದು ಹೋಯಿತು. ಕೊನೇ ಗಳಿಗೆಯಲ್ಲಿ ಕೈಕೊಟ್ಟವರು ಫೋನ್ ಮಾಡಿ ತಾವೇ ಇನ್ನೊಂದು ತಾರೀಖು ಹೇಳಲಿ, ಅಷ್ಟು ಸಾಕು. ಒಬ್ಬರೇ ಪದೇಪದೇ ಕೈಕೊಟ್ಟರೆ ಅವರಿಗೆ ಪುರುಸೊತ್ತಿಲ್ಲ ಎಂದರ್ಥ, ಕೆಲವು ತಿಂಗಳು ಗುಂಪಿನಿಂದ ರಜೆ ಕೊಡಿ.

ತೆರಿಗೆಯ ಬಗ್ಗೆ ಚುಟುಕಾಗಿ. ಎಷ್ಟೋ ದೇಶಗಳ ಕಾನೂನು ದುಡ್ಡಿನ ಬದಲು ಕೆಲಸವೋ ವಸ್ತುವೋ ಪಡೆದರೂ ಅದನ್ನು ಆದಾಯವೆಂದೇ ನೋಡುತ್ತದೆ. ಅಮೆರಿಕದಲ್ಲಂತೂ ವಿನಿಮಯದಲ್ಲಿ ಪಡೆದದ್ದರ ಮಾರುಕಟ್ಟೆ ಬೆಲೆಯನ್ನು ಆದಾಯದಲ್ಲಿ ತೋರಿಸಬೇಕು. ಮಕ್ಕಳನ್ನು ಒಂದು ಸಂಜೆ ನೋಡಿಕೊಂಡದ್ದು ಸ್ನೇಹದ ನೆರವು. ಆದರೆ ನೀವು ಡಿಸೈನಿನಿಂದಲೇ ಜೀವನ ನಡೆಸುವವರು, ಗೆಳೆಯನ ವ್ಯಾಪಾರಕ್ಕೆ ಬಿಲ್ಲಿಲ್ಲದೆ ವೆಬ್‌ಸೈಟ್ ಮಾಡಿಕೊಟ್ಟು ಬದಲಿಗೆ ನಿಮ್ಮ ಆಫೀಸಿಗೆ ವೈರಿಂಗ್ ಮಾಡಿಸಿಕೊಂಡರೆ ಅದು ವ್ಯಾಪಾರಕ್ಕೆ ವ್ಯಾಪಾರ. ಅಂಥದ್ದನ್ನು ಗಂಟೆ ಪುಸ್ತಕದಿಂದ ಹೊರಗಿಟ್ಟು, ಇಬ್ಬರೂ ಬಿಲ್ ಹಾಕಿ, ಹಣದಲ್ಲೇ ಮುಗಿಸಿ. ನಿಮ್ಮಲ್ಲಿನ ನಿಯಮವನ್ನು ನಿಮ್ಮ ತೆರಿಗೆ ನೋಡುವವರ ಹತ್ತಿರ ಒಮ್ಮೆ ಕೇಳಿಕೊಳ್ಳಿ.

ಉಳಿದದ್ದು ಊರು ಬಿಡುವ ಗೆಳೆಯನ 11 ಗಂಟೆ. ಕೇಳಬಹುದು, ಕೇಳಲೇಬೇಕು. ಆದರೆ ‘11 ಗಂಟೆ ಬಾಕಿ’ ಎಂದು ಕೇಳಬೇಡಿ. ಮೊದಲು ಅವನ ಲೆಕ್ಕದಲ್ಲಿ ಎಷ್ಟು ಎಂದು ಕೇಳಿ. ಪುಸ್ತಕ ಇಲ್ಲದ ಏಳು ತಿಂಗಳಲ್ಲಿ ಅವನ ಅಂಕಿ ಆರೋ ಏಳೋ ಇದ್ದೀತು. ಎರಡರ ನಡುವಿನದಕ್ಕೆ ಒಪ್ಪಿಕೊಳ್ಳಿ. ಆಮೇಲೆ ಹಾಳೆಯ ‘ಹೌದು’ ಕಾಲಮ್ಮಿಗೆ ಹೋಗಿ, ದುಡ್ಡು ಕೊಟ್ಟು ಮಾಡಿಸಲೇಬೇಕಾದ ಎರಡು ರಿಪೇರಿ ಆರಿಸಿ, ಹೆಸರು ಹಿಡಿದು ಕೇಳಿ: ‘ಹೋಗುವ ಮುಂಚೆ ಅಡುಗೆಮನೆ ಸಿಂಕ್ ಕೆಳಗಿನ ಪೈಪು, ಹಿಂಬಾಗಿಲ ಚಿಲಕ, ಇವೆರಡು ನೋಡಿಕೊಡ್ತೀಯಾ? ಮುಂದಿನ ಶನಿವಾರ ಆಗುತ್ತಾ?’ ಮನೆ ಖಾಲಿ ಮಾಡುವ ಗಡಿಬಿಡಿಯಲ್ಲಿ ಕೊನೆಯ ಎರಡು ವಾರ ಅವನು ಯಾರಿಗೂ ಸಿಗುವುದಿಲ್ಲ, ಆದ್ದರಿಂದ ಈ ತಿಂಗಳಲ್ಲೇ ಕೇಳಿ. ಅವನ ಮಗುವಿಗೆ ಗಣಿತ ಪಾಠ ಇನ್ನೂ ನಡೆಯುತ್ತಿದ್ದರೆ ಅದನ್ನು ಹೊರಡುವ ವಾರದವರೆಗೂ ನಿಲ್ಲಿಸದಂತೆ ಗೆಳತಿಗೆ ಹೇಳಿಡಿ. ಕಳೆ ಇದ್ದವರ ಮಗುವಿಗೆ ಪಾಠ ನಿಲ್ಲಿಸುವ ಯೋಚನೆ ಯಾರಿಗಾದರೂ ಬರುತ್ತದೆ. ಎರಡು ರಿಪೇರಿ ಆದ ಮೇಲೂ ಮೂರ್ನಾಲ್ಕು ಗಂಟೆ ಉಳಿದರೆ, ಮನೆ ಸಾಗಿಸುವ ದಿನ ಉಳಿದ ಮೂವರೂ ಹೋಗಿ ಪೆಟ್ಟಿಗೆ ಹೊತ್ತು ಬನ್ನಿ, ಆ ಗಂಟೆಗಳನ್ನು ಬರೆಯಬೇಡಿ.